ಗೋವಾದಲ್ಲಿ ಸಿ.ಐ.ಡಿ. 999ಗೆ ರೂಮು ಸಿಕ್ಕಿತು, ನಮಗೆ?

ಸಿನಿಮಾದಲ್ಲಿ ಹೀರೋ ಹೋಟೆಲಿಗೆ ಬರುವ ದೃಶ್ಯವನ್ನು ನೀವು ನೂರು ಸಲ ನೋಡಿದ್ದೀರಿ. ಟ್ಯಾಕ್ಸಿ ಬಂದು ನಿಲ್ಲುತ್ತದೆ. ಕಪ್ಪು ಕನ್ನಡಕ, ಕೈಯಲ್ಲಿ ಒಂದೇ ಒಂದು ಸೂಟ್‌ಕೇಸು. ಕೌಂಟರಿನ ಹುಡುಗಿ ಹೆಸರು ಸಹ ಕೇಳದೆ ನಕ್ಕು ಕೀಲಿ ಕೊಡುತ್ತಾಳೆ. ರೂಮಿನ ಪರದೆ ಸರಿಸಿದರೆ ಸಾಕು, ಎದುರಿಗೇ ಸಮುದ್ರ! ಆಮೇಲೆ ಎರಡು ಫೈಟು, ಒಂದು ಹಾಡು, ಕ್ಲೈಮ್ಯಾಕ್ಸು. ಆದರೆ ಸ್ವಾಮೀ, ಆ ಹೀರೋ ರೂಮಿನ ಬಾಡಿಗೆ ಕೊಟ್ಟಿದ್ದನ್ನು ಯಾವ ಚಿತ್ರದಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಬಿಲ್ಲು ಕೊಡುವ ಪಾಳಿ ಬರುವುದು ನಿಮಗೆ, ನನಗೆ.

ನಮ್ಮವ್ವನಿಗೆ ಗೋವಾದ ಹುಚ್ಚು ಹಿಡಿಸಿದ್ದು ಅಂಥ ಒಂದು ಚಿತ್ರವೇ. 1968ರಲ್ಲಿ ಬಂದ ‘ಗೋವಾದಲ್ಲಿ ಸಿ.ಐ.ಡಿ. 999’. ದೊರೈ-ಭಗವಾನ್ ಜೋಡಿಯ ನಿರ್ದೇಶನ, ಜಿ.ಕೆ. ವೆಂಕಟೇಶರ ಸಂಗೀತ, ರಾಜಕುಮಾರ್ ಪತ್ತೇದಾರ. ನಟಿ ಲಕ್ಷ್ಮಿಗೆ ಅದೇ ಮೊದಲ ಕನ್ನಡ ಚಿತ್ರ. ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಗಿದ್ದು 1961ರ ಡಿಸೆಂಬರ್ 19ರಂದು. ಅಂದರೆ ಈ ಚಿತ್ರ ಬಂದಾಗ ಅದಕ್ಕೆ ಏಳು ವರ್ಷವೂ ತುಂಬಿರಲಿಲ್ಲ. ನಮ್ಮ ಕಡೆಯ ಜನಕ್ಕೆ ಗೋವಾ ಅಂದರೆ ಆಗ ಪರದೇಶವೇ. ಅವ್ವ ಲಗ್ನವಾದ ಹೊಸದರಲ್ಲಿ ಬೆಳವಣಕಿಯಿಂದ ಗದಗಿಗೆ ಅಪ್ಪನ ಜೊತೆ ಬಸ್ಸಿನಲ್ಲಿ ಹೋಗಿ ಅದನ್ನು ನೋಡಿದಳಂತೆ. ಹೊರಗೆ ಬಂದು ಚಹ ಕುಡಿಯುವಾಗ ಅಪ್ಪ, “ಒಂದ್ಸಲ ನಿನ್ನ ಗೋವಾಕ್ಕ ಕರಕೊಂಡ ಹೋಗತೇನಿ” ಅಂದನಂತೆ. ಕರೆದೊಯ್ಯಲಿಲ್ಲ. ಹೊಲ, ಎತ್ತು, ಸಾಲ, ಮಕ್ಕಳು ಅಂತ ಐವತ್ತು ವರ್ಷ ಹೋಯಿತು. ಅಪ್ಪನೂ ಹೋದ.

ಆ ಮಾತು ನನ್ನ ತಲೆ ಮೇಲೆ ಬಿತ್ತು. 2022ರಲ್ಲಿ ಹೆಸರು ಮಾರಿದ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಡಿಸೆಂಬರ್ ಕೊನೆಗೆ ಮಗನಿಗೆ ರಜೆ ಸಿಕ್ಕಾಗ ಹೊರಟೆವು. ಅವ್ವ, ನಾನು, ಮನೆಯಾಕೆ, ಮಗ. ನಾಲ್ಕು ರಾತ್ರಿಯ ಯೋಜನೆ. ಮಗ ಮೊಬೈಲಿನಲ್ಲಿ ಪಣಜಿಯ ರೂಮು ನೋಡಿ, ದಿನಕ್ಕೆ 1,400 ರೂಪಾಯಿ ಅಂತ ಬುಕ್ ಮಾಡಿದ. ದುಡ್ಡು ಅಲ್ಲೇ ಹೋಗಿ ಕೊಟ್ಟರಾಯಿತಂತೆ. ಫೋಟೋದಲ್ಲಿ ಬಿಳಿ ಹಾಸಿಗೆ, ಕಿಟಕಿಯಲ್ಲಿ ನೀಲಿ ನೀರು. ಸಾಕ್ಷಾತ್ 999ರ ರೂಮೇ!

ಬೆಳಗಿನ ಐದು ಗಂಟೆಯ ತಪ್ಪು

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು. ಅನಮೋಡ ಘಾಟು ಇಳಿದು ಪಣಜಿಯ ಕದಂಬ ಬಸ್ ನಿಲ್ದಾಣ ಮುಟ್ಟಿದಾಗ ಡಿಸೆಂಬರ್ 27ರ ಬೆಳಗಿನ ಐದು. ಕತ್ತಲೆ. ಮೂರು ಚೀಲ, ರೊಟ್ಟಿ ಗಂಟು, ಮೊಣಕಾಲು ಹಿಡಿದ ಅವ್ವ. ಹೋಟೆಲಿಗೆ ಹೋದರೆ ಕೌಂಟರಿನವನು ಕಣ್ಣುಜ್ಜಿಕೊಳ್ಳುತ್ತ ಹೇಳಿದ: ನಿಮ್ಮ ಬುಕಿಂಗ್ ನಮಗೆ ಬಂದಿಲ್ಲ, ಬಂದಿದ್ದರೂ ಅದು ಹಳೇ ರೇಟು, ಹೊಸ ವರ್ಷದ ರೇಟು ದಿನಕ್ಕೆ 3,200.

ಮಗ ಮೊಬೈಲು ತೋರಿಸಿದ. ಅವನು ನೋಡಲೂ ಇಲ್ಲ. “ಬೇಕಾದರೆ ಬೇರೆ ಕಡೆ ನೋಡಿ” ಅಂದ ಹಿಂದಿಯಲ್ಲಿ. ಬೇರೆ ಕಡೆ ಎಲ್ಲಿ ನೋಡೋದು? ಡಿಸೆಂಬರ್ 20ರಿಂದ ಜನವರಿ 5ರವರೆಗೆ ಗೋವಾದಲ್ಲಿ ನಾಯಿಗೂಡಿಗೂ ಬಾಡಿಗೆ ಇರುತ್ತದೆ ಅಂತ ಆಮೇಲೆ ಗೊತ್ತಾಯಿತು. ಅವ್ವ ಸೋಫಾದ ಮೇಲೆ ಕುಳಿತು ಕಾಲು ನೀವಿಕೊಳ್ಳುತ್ತಿದ್ದಳು. ಹೂಂ ಅಂದೆ.

ಹೂಂ ಅಂದಮೇಲೆ ಒಂದೊಂದೇ ಹೊರಬಿತ್ತು. ರೂಮಿನ ದಿನ ಶುರುವಾಗೋದು ಮಧ್ಯಾಹ್ನ 12ಕ್ಕೆ, ನೀವು ಬೆಳಗಿನ ಐದಕ್ಕೆ ಬಂದಿದ್ದೀರಿ, ಅದಕ್ಕೆ 1,000. ನಾಲ್ಕನೆಯವರಿಗೆ ಹೆಚ್ಚಿನ ಹಾಸಿಗೆ, ರಾತ್ರಿಗೆ 600. ಎರಡು ರಾತ್ರಿಗೆ ಒಟ್ಟು 8,600. ಅದರ ಮೇಲೆ ಜಿ.ಎಸ್.ಟಿ. ನೂರಕ್ಕೆ 12ರ ಹಾಗೆ 1,032. ಎಲ್ಲಾ ಸೇರಿ 9,632 ರೂಪಾಯಿ, ಮೊದಲೇ ಕೊಡಬೇಕು. ಬಿಲ್ಲು ಕೇಳಿದರೆ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಪೆನ್ನಿನಲ್ಲಿ ಬರೆದು ಕೊಟ್ಟ. ಅದರ ಮೇಲೆ ತೆರಿಗೆ ನಂಬರೂ ಇಲ್ಲ, ಹೋಟೆಲಿನ ಹೆಸರೂ ಇಲ್ಲ. ತೆರಿಗೆ ಮಾತ್ರ ಇತ್ತು!

ನಾಲ್ಕು ದಿನದ ಊಟ, ರೂಮು ಎಲ್ಲಾ ಸೇರಿ ನಾನು ತೆಗೆದಿಟ್ಟಿದ್ದೇ ಹತ್ತು ಸಾವಿರ. ಸೂರ್ಯ ಹುಟ್ಟುವ ಮೊದಲೇ ಖರ್ಚಾಯಿತು. ಭಾವನಿಗೆ ಫೋನು ಹಚ್ಚಿ ದುಡ್ಡು ಹಾಕಿಸಿಕೊಂಡೆ.

ರೂಮು ಮೂರನೇ ಮಾಳಿಗೆಯಲ್ಲಿ. ಲಿಫ್ಟು ಇಲ್ಲ. ಅವ್ವ ಪ್ರತಿ ಮೆಟ್ಟಿಲಿಗೂ “ಶಿವನೇ” ಅನ್ನುತ್ತ ಹತ್ತಿದಳು. ಮಗ ಓಡಿಹೋಗಿ ಪರದೆ ಸರಿಸಿದ. ಮುಂದೆ ಪಾಚಿ ಹಿಡಿದ ಗೋಡೆ, ಅದರ ಬುಡದಲ್ಲಿ ಜನರೇಟರು. ಅವ್ವ ಇಣುಕಿ ನೋಡಿ, “ಇದೇನೋ ಸಮುದ್ರ?” ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಾಸಿಗೆ ಹಾಸುವ ಹುಡುಗ

ನೀರಿನ ಬಾಟ್ಲಿ ತಂದ ಹುಡುಗ ನಮ್ಮ ಮಾತು ಕೇಳಿ ಬಾಗಿಲಲ್ಲೇ ನಿಂತ. ಇಪ್ಪತ್ತು ಇಪ್ಪತ್ತೊಂದರ ವಯಸ್ಸು.

“ಯಾವೂರ್ರೀ ಅಣ್ಣಾರ ನಿಮ್ಮದು?”

“ಬೆಳವಣಕಿ.”

“ಅಯ್ಯ, ನಮ್ಮದು ಗಜೇಂದ್ರಗಡದ ಕಡೆರೀ! ನಮ್ಮ ದೊಡ್ಡವ್ವನ್ನ ರೋಣಕ್ಕ ಕೊಟ್ಟಾರ.”

ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ವಾಸ್ಕೋದ ಬೈನಾ, ಝುವಾರಿನಗರ ಕಡೆ ಹೋಗಿ ನೋಡಿ, ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರದ ಮಾತು ಕಿವಿಗೆ ಬೀಳುತ್ತದೆ. ಮಳೆ ಕೈಕೊಟ್ಟ ವರ್ಷ ನಮ್ಮ ಎರೆಭೂಮಿಯ ಜನ ದುಡಿಯಲು ಹೋಗುವ ಊರುಗಳಲ್ಲಿ ಗೋವಾ ದೊಡ್ಡದು. ಗಾರೆ ಕೆಲಸ, ಮೀನಿನ ಬಂದರು, ಹೋಟೆಲು. ಅಂದರೆ ನಾವು ಸಾವಿರಗಟ್ಟಲೆ ಕೊಟ್ಟು ಮಲಗುವ ಹಾಸಿಗೆಯನ್ನು ಹಾಸುವವನು ಬಹಳ ಸಲ ನಮ್ಮ ಪಕ್ಕದ ಊರಿನ ಹುಡುಗನೇ. ಆದರೆ ಕೌಂಟರಿನಲ್ಲಿ ಅವನು ಇರೋದಿಲ್ಲ.

ಅವ್ವ ಗಂಟು ಬಿಚ್ಚಿ ಎರಡು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಅವನು ನಿಂತೇ ತಿಂದ. “ಎಲ್ಲಿ ಮಲಗ್ತೀಯೋ ತಮ್ಮಾ?” ಅಂತ ಕೇಳಿದಳು. “ಕೆಳಗ ಪಾವಟಗಿ ಬುಡಕರೀ ಯವ್ವಾ. ಮೂರು ವರ್ಷಾತು, ಈ ಹಾಸಿಗಿ ಮ್ಯಾಲೆ ಒಂದಿನಾನೂ ಮಲಗಿಲ್ಲ” ಅಂತ ನಕ್ಕ.

ಅವತ್ತು ರಾತ್ರಿ ಕೆಲಸ ಮುಗಿಸಿ ಬಂದು ಬಾಗಿಲ ಹೊರಗೆ ನನ್ನ ಜೊತೆ ಕುಳಿತ. ಅವನು ಹೇಳಿದ್ದನ್ನು ನಾನು ಯಾವ ಪ್ರವಾಸಿ ಪುಸ್ತಕದಲ್ಲೂ ಓದಿಲ್ಲ. ಅವನ ಮಾತಿನಲ್ಲೇ ಕೇಳಿ:

“ಅಣ್ಣಾರ, ರೂಮಿಗೆ ರೇಟು ಅನ್ನೋದು ಇಲ್ಲರೀ. ಮಂದಿ ಮಾರಿ ನೋಡಿ ರೇಟು. ಕೈಯಾಗ ಚೀಲ ಐತಿ, ಬೆನ್ನಿಗೆ ಮುದುಕಿ ಅದಾಳ, ಹೊತ್ತು ಇನ್ನ ಹೊಂಟಿಲ್ಲ ಅಂದ್ರ ಇವರು ಎಲ್ಲೂ ಹೋಗಂಗಿಲ್ಲ ಅಂತ ಅವರಿಗೆ ಗೊತ್ತಾಗತೈತಿ. ಅದ ನೀವು ಹನ್ನೊಂದರ ಸುಮಾರಿಗೆ ಒಬ್ಬರ ಬರ್ರಿ, ಕೈ ಬೀಸಿಕೋತ ಬರ್ರಿ. ಹನ್ನೆರಡಕ್ಕ ಎಷ್ಟು ರೂಮು ಖಾಲಿ ಆಗತಾವು ಅನ್ನೂದು ಆಗ ಅವರಿಗೆ ಗೊತ್ತಿರತೈತಿ. ಖಾಲಿ ರೂಮು ರಾತ್ರಿ ಹೋದ್ರ ಹ್ವಾದಂಗರೀ, ಅದನ್ನ ನಾಳೆ ಮಾರಾಕ ಬರಂಗಿಲ್ಲ. ಆಗ ಮಾತಿಗೆ ಬರತಾರ.”

ಇದು ನಮ್ಮ ಕಾಯಿಪಲ್ಲೆ ಸಂತೆಯ ಲೆಕ್ಕವೇ! ಸಂಜೆಗೆ ಕೊತ್ತಂಬರಿ ಸಿವುಡಿನ ಬೆಲೆ ಇಳಿಯುವುದು ಯಾಕೆ ಅಂತ ಅವ್ವನಿಗೂ ಗೊತ್ತು. ರೂಮು ಕೊತ್ತಂಬರಿಗಿಂತ ಬೇಗ ಬಾಡುವ ಸರಕು ಅಂತ ನನಗೆ ಹೊಳೆದಿರಲಿಲ್ಲ.

ಬೈಕ್ ಟ್ಯಾಕ್ಸಿಯವರ ವಿಷಯವನ್ನೂ ಹೇಳಿದ. ಗೋವಾದಲ್ಲಿ ಅವರಿಗೆ ‘ಪೈಲಟ್’ ಅಂತಾರೆ, ಹಳದಿ-ಕಪ್ಪು ಬಣ್ಣದ ಬೈಕು. ಪೈಲಟ್ಟೋ, ಟ್ಯಾಕ್ಸಿಯವನೋ “ಒಳ್ಳೇ ಹೋಟೆಲ್ ತೋರಸ್ತೀನಿ ಬನ್ನಿ” ಅಂದರೆ, ಅವನಿಗೆ ಹೋಟೆಲಿನವರು ಕೊಡುವ ಕಮಿಷನ್ನು ಬಹಳ ಕಡೆ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ. ಮೊಬೈಲ್ ಆ್ಯಪಿನದೂ ಅದೇ ಕಥೆ. ಅದೂ ಒಬ್ಬ ಪೈಲಟ್ಟೇ, ಬೈಕಿಲ್ಲದ ಪೈಲಟ್. ಅದಕ್ಕೆ ಆ್ಯಪಿನಲ್ಲಿ ಬೆಲೆ ನೋಡಿಕೊಳ್ಳಿ, ಆಮೇಲೆ ಹೋಟೆಲಿಗೇ ಫೋನು ಮಾಡಿ ಅಥವಾ ಹೋಗಿ, “ಕಮಿಷನ್ ಬಿಟ್ಟು ಎಷ್ಟಕ್ಕೆ ಕೊಡ್ತೀರಿ?” ಅಂತ ಕೇಳಿ. ಕೇಳುವುದಕ್ಕೆ ದುಡ್ಡು ಬೀಳುವುದಿಲ್ಲ.

ಸಿನಿಮಾ ಯೂನಿಟ್ಟಿನ ಪ್ರೊಡಕ್ಷನ್ ಮ್ಯಾನೇಜರುಗಳು ಮಾಡುವುದೂ ಇದನ್ನೇ ಅಲ್ಲವೆ? ಹೊರಾಂಗಣ ಚಿತ್ರೀಕರಣಕ್ಕೆ ಹೋಗುವಾಗ ಹೀರೋ ಹೀರೋಯಿನ್‌ಗಿಂತ ಎಷ್ಟೋ ದಿನ ಮುಂಚೆ ಅವರು ಹೋಗಿ, ಇಷ್ಟು ರೂಮು, ಇಷ್ಟು ದಿನ, ಒಟ್ಟಿಗೆ ಇಷ್ಟು ಅಂತ ಮುರಿದು ಮಾತಾಡಿ ಬರುತ್ತಾರೆ. ಒಂದು ರಾತ್ರಿಗೆ ಕೇಳುವವನಿಗೂ ನಾಲ್ಕು ರಾತ್ರಿಗೆ ಕೇಳುವವನಿಗೂ ಒಂದೇ ಬೆಲೆ ಇರುವುದಿಲ್ಲ. ನಾವು ದೊಡ್ಡ ಬ್ಯಾನರಿನವರಲ್ಲ, ನಿಜ. ಆದರೂ ಮೂರು ರಾತ್ರಿ ಇರ್ತೀವಿ ಅನ್ನುವ ಮಾತಿಗೆ ಒಂದು ತೂಕ ಇದೆ.

ಆ ಸಲ ನಾವು ನಾಲ್ಕು ರಾತ್ರಿಯ ಬದಲು ಎರಡೇ ರಾತ್ರಿಗೆ ಗಂಟು ಕಟ್ಟಿದೆವು. ಅವ್ವ ಮೆಟ್ಟಿಲಿಗೆ ಹೆದರಿ ಎರಡು ದಿನದಲ್ಲಿ ಒಂದೇ ಸಲ ಕೆಳಗಿಳಿದಳು. ಮೀರಾಮಾರ್ ದಂಡೆಯಲ್ಲಿ ಅರ್ಧ ಗಂಟೆ ಜನಸಂದಣಿ ನಡುವೆ ನಿಂತು, ಸಮುದ್ರ ನೋಡಿದ ಶಾಸ್ತ್ರ ಮಾಡಿ ಬಂದೆವು. ಬಸ್ಸಿನಲ್ಲಿ ಅವ್ವ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಎರಡನೇ ಷೋ

2025ರ ಫೆಬ್ರವರಿ ಎರಡನೇ ವಾರ ಮತ್ತೆ ಹೊರಟೆ. ಮಗನಿಗೆ ಕಾಲೇಜು, ಅವನು ಬರಲಿಲ್ಲ. ಈ ಸಲ ದಿನ ಗೊತ್ತುಮಾಡಿದ್ದೇ ಲೆಕ್ಕ ಹಾಕಿ. ಗೋವಾಕ್ಕೆ ಸೀಸನ್ ಅಂದರೆ ಅಕ್ಟೋಬರಿನಿಂದ ಮಾರ್ಚ್. ಅದರೊಳಗೆ ಕ್ರಿಸ್‌ಮಸ್-ಹೊಸ ವರ್ಷ ಬಿಡಬೇಕು. ನವೆಂಬರಿನಲ್ಲೂ ಹುಷಾರು: ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 2004ರಿಂದ ಪಣಜಿಯಲ್ಲೇ ನಡೆಯುತ್ತಿದೆ, ಸಾಮಾನ್ಯವಾಗಿ ನವೆಂಬರ್ 20ರಿಂದ 28. ಚಿತ್ರರಸಿಕರಾದ ನಮ್ಮ ಓದುಗರಿಗೆ ಆಗ ಹೋಗುವ ಆಸೆ ಇರುತ್ತದೆ. ಹೋಗಿ, ಆದರೆ ರೂಮು ತಿಂಗಳು ಮೊದಲೇ ಮಾಡಿಕೊಂಡು ಹೋಗಿ. ಫೆಬ್ರವರಿ ಕೊನೆ ಅಥವಾ ಮಾರ್ಚಿಗೆ ಕಾರ್ನಿವಲ್ ಜಾತ್ರೆ. 2025ರಲ್ಲಿ ಅದು ಫೆಬ್ರವರಿ 28ಕ್ಕೆ ಶುರುವಾಗುವುದಿತ್ತು. ಶನಿವಾರ ಭಾನುವಾರ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಎಲ್ಲಾ ಅಲ್ಲೇ ಇರುತ್ತದೆ. ಹಾಗಾಗಿ ನಾವು ಹೊರಟಿದ್ದು ಸೋಮವಾರ. ಜೂನಿನಿಂದ ಸೆಪ್ಟೆಂಬರ್ ಮಳೆಗಾಲದಲ್ಲಿ ಇನ್ನೂ ಅಗ್ಗ, ಆದರೆ ಸಮುದ್ರಕ್ಕೆ ಇಳಿಯುವಂತಿಲ್ಲ, ದಂಡೆಯ ಗುಡಿಸಲು ಹೋಟೆಲುಗಳೂ ಎದ್ದಿರುತ್ತವೆ.

ದಾರಿಯನ್ನೂ ಬದಲಿಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ. ಆದರೆ ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ ಅದು ನಡೆಯುವುದಿಲ್ಲ. ಹಾಗಾಗಿ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾಟಿ ಕಾರವಾರದವರೆಗೆ ಅವ್ವನಿಗೂ ಮನೆಯಾಕೆಗೂ ಸೊನ್ನೆ ರೂಪಾಯಿ ಟಿಕೀಟು. ನನ್ನೊಬ್ಬನದು ಮಾತ್ರ ಪೂರಾ ಟಿಕೀಟು, ಅದೂ ಜನವರಿ 5ಕ್ಕೆ ನೂರಕ್ಕೆ 15 ಏರಿದ ಹೊಸ ದರ! “ಗಂಡಸರಾಗಿ ಹುಟ್ಟಿದ್ದಕ್ಕ ಕೊಡ್ರಿ” ಅಂದಳು ಮನೆಯಾಕೆ. ಕಾರವಾರದಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಮಡಗಾಂವದ ಬಸ್ಸು. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರ ಮಧ್ಯರಾತ್ರಿ ಹೊತ್ತಿಗೆ ಕುಸಿದಿತ್ತು; ನಾವು ಹೊಸದರ ಮೇಲೆ ದಾಟುವಾಗ ಬಸ್ಸಿನವರೆಲ್ಲ ಒಂದೇ ಕಡೆಗೆ ತಲೆ ಹಾಕಿ ನೋಡಿದರು.

ಪಣಜಿ ಮುಟ್ಟಿದಾಗ ಹನ್ನೊಂದು ಹೊಡೆಯಲು ಹತ್ತು ನಿಮಿಷ. ಅವ್ವನನ್ನೂ ಮನೆಯಾಕೆಯನ್ನೂ ಚೀಲಗಳ ಜೊತೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂಡಿಸಿ, ಕೈ ಬೀಸಿಕೊಂಡು ಒಬ್ಬನೇ ಹೊರಟೆ.

ಒಂದು ಮಾತು ಇಲ್ಲಿ ಹೇಳಬೇಕು. ಸಮುದ್ರದ ದಂಡೆಯಲ್ಲೇ ರೂಮು ಬೇಕು ಅನ್ನುವ ಹಟ ಬಿಟ್ಟರೆ ಅರ್ಧ ಗೆದ್ದಂತೆ. ಕಲಂಗುಟ್, ಬಾಗಾ ಕಡೆ ನೀವು ಕೊಡುವುದು ರೂಮಿಗಲ್ಲ, ಮರಳಿಗೆ. ರಾತ್ರಿ ಹಾಡಿನ ಗಲಾಟೆ ಬೇರೆ. ಪಣಜಿ ಊರೊಳಗೆ ಉಳಿದು ಮೀರಾಮಾರಿಗೋ ದೋನಾ ಪಾವುಲಾಗೋ ಊರ ಬಸ್ಸಿನಲ್ಲಿ ಹೋಗಿಬರಬಹುದು. ವಯಸ್ಸಾದವರಿದ್ದರೆ ಇದೇ ಸರಿ. ಬಸ್ಸು, ದವಾಖಾನೆ, ಉಡುಪಿ ಊಟ ಎಲ್ಲಾ ಹತ್ತಿರ. ಹಳೇ ಪೋರ್ಚುಗೀಸ್ ಮನೆಗಳ ಫೊಂತೈನ್ಯಾಸ್ ಓಣಿ, 31 ಜನವರಿ ರಸ್ತೆ, ಈ ಕಡೆ ಮನೆಯಂಥ ಸಣ್ಣ ವಸತಿಗೃಹಗಳಿವೆ. ಚೌಕಾಸಿ ಬೇಡವೇ ಬೇಡ ಅನ್ನುವವರಿಗೆ ಗೋವಾ ಸರ್ಕಾರದ ಪ್ರವಾಸೋದ್ಯಮ ನಿಗಮದ ‘ರೆಸಿಡೆನ್ಸಿ’ಗಳಿವೆ, ಪಣಜಿ, ಮೀರಾಮಾರ್, ಕಲಂಗುಟ್, ಕೋಲ್ವಾ ಎಲ್ಲಾ ಕಡೆ. ನಮ್ಮ ಕರ್ನಾಟಕದ ‘ಮಯೂರ’ ಇದ್ದ ಹಾಗೆ. ಸೀಸನ್ನಿಗೆ ತಕ್ಕ ದರ ಅವರೇ ಪ್ರಕಟಿಸುತ್ತಾರೆ.

ನಾನು ನಾಲ್ಕು ಕಡೆ ಹತ್ತಿ ಇಳಿದೆ. ಎಲ್ಲಾ ಕಡೆ ಮೊದಲ ಮಾತು ಒಂದೇ, “ರೂಮು ತೋರಿಸಿ.” ಬೆಲೆ ಆಮೇಲೆ. ಮೊದಲನೆಯದರಲ್ಲಿ ನಲ್ಲಿ ತಿರುವಿದರೆ ಉಸಿರು ಬಿಟ್ಟಿತು, ನೀರು ಬರಲಿಲ್ಲ. ಎರಡನೆಯದು ಬಾರಿನ ಮೇಲೆ. ಮೂರನೆಯದು ಚೆನ್ನಾಗಿತ್ತು, ಆದರೆ ಮತ್ತೆ ಮಾಳಿಗೆ. ನಾಲ್ಕನೆಯದು ನೆಲಮಾಳಿಗೆಯಲ್ಲ, ನೆಲಕ್ಕೆ ಸಮನಾದ ಮುಂದಿನ ರೂಮು. ಮೂರು ಹಾಸಿಗೆ, ಕುರ್ಚಿಯಂಥ ಕಮೋಡು (ಅವ್ವನ ಮೊಣಕಾಲಿಗೆ ಇದೇ ಮುಖ್ಯ, ನಾವು ಹಳ್ಳಿಯವರು ಕೇಳಲು ನಾಚುತ್ತೇವೆ), ಕಿಟಕಿಯಲ್ಲಿ ಪೇರಲ ಗಿಡ. ಬಿಸಿನೀರು ಬೆಳಿಗ್ಗೆ ಏಳರಿಂದ ಒಂಬತ್ತು ಮಾತ್ರ ಅಂತ ಮೊದಲೇ ಹೇಳಿದರು. ಮೊದಲೇ ಹೇಳಿದ್ದೇ ನನಗೆ ಹಿಡಿಸಿತು.

ಯಜಮಾನತಿ ಹೇಳಿದ್ದು 1,500. ನಾನು ಮೂರು ರಾತ್ರಿ, ನಾಲ್ಕನೆಯವರಿಲ್ಲ, ಆ್ಯಪಿಲ್ಲ, ಪೈಲಟ್ಟಿಲ್ಲ ಅಂದೆ. 1,100ಕ್ಕೆ ಬಂತು. ಇಷ್ಟಕ್ಕೆ ಕುಣಿಯಬೇಡಿ. ಮುಂದಿನ ಪ್ರಶ್ನೆಗಳನ್ನು ಕೀಲಿ ತೆಗೆದುಕೊಳ್ಳುವ ಮೊದಲೇ ಕೇಳಬೇಕು. ತೆರಿಗೆ ಒಳಗೋ ಹೊರಗೋ? ಹೊರಗೆ, 12ರ ಹಾಗೆ. ಖಾಲಿ ಮಾಡುವುದು ಯಾವಾಗ? ನಮ್ಮ ಕಡೆಯ ಲಾಡ್ಜುಗಳಲ್ಲಿ 24 ಗಂಟೆ ಲೆಕ್ಕ ಇರುತ್ತದೆ, ಬಂದ ಹೊತ್ತಿಗೆ ಸರಿಯಾಗಿ ಮರುದಿನ. ಪ್ರವಾಸಿ ಊರುಗಳಲ್ಲಿ ಹೆಚ್ಚಾಗಿ ಮಧ್ಯಾಹ್ನ 12 ಇಲ್ಲವೆ ಬೆಳಿಗ್ಗೆ 11ರ ಲೆಕ್ಕ. ರಾತ್ರಿ ಹತ್ತಕ್ಕೆ ಬಂದವನಿಗೂ ಮರುದಿನ 12ಕ್ಕೇ ದಿನ ಮುಗಿಯಿತು! ಇದು ತಿಳಿಯದೆ ಎರಡು ದಿನದ ಬಾಡಿಗೆ ತೆತ್ತವರು ನಮ್ಮ ಊರಲ್ಲೇ ಇದ್ದಾರೆ. ಡಿಪಾಜಿಟ್ ಎಷ್ಟು? 500. ಅದನ್ನು ಚೀಟಿಯ ಮೇಲೆ ಬರೆಸಿಕೊಂಡೆ.

1,100ಕ್ಕೆ ತೆರಿಗೆ 132, ಒಂದು ರಾತ್ರಿಗೆ 1,232. ಮೂರು ರಾತ್ರಿಗೆ 3,696 ರೂಪಾಯಿ. ಅಚ್ಚಾದ ಬಿಲ್ಲು, ಮೇಲೆ ತೆರಿಗೆ ನಂಬರು. ಮೊದಲ ಸಲ ಎರಡು ರಾತ್ರಿಗೆ ಕೊಟ್ಟದ್ದು ನೆನಪಿದೆಯಲ್ಲ?

ಬಿಲ್ಲಿನ ಮಾತು

ಈ ತೆರಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮಂಥವರು ಮೋಸ ಹೋಗುವುದು ಇಲ್ಲೇ. ಮೊದಲು ದಿನಕ್ಕೆ 1,000ದವರೆಗಿನ ರೂಮಿಗೆ ಜಿ.ಎಸ್.ಟಿ. ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ 12 ಬಿತ್ತು. ಬಡವರ ಲಾಡ್ಜಿಗೂ ಮಧ್ಯಮ ದರದ ಹೋಟೆಲಿಗೂ ಒಂದೇ ಪಂಕ್ತಿ. 2025ರ ಸೆಪ್ಟೆಂಬರ್ 22ರಿಂದ ಮತ್ತೆ ಬದಲಾಗಿ, ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ನೂರಕ್ಕೆ 5, ಅದರ ಮೇಲಿನದಕ್ಕೆ 18. ಅಂದರೆ ನನ್ನ ಅದೇ 1,100ರ ರೂಮಿಗೆ 132ರ ಬದಲು 55. ಮೂರು ರಾತ್ರಿಗೆ 231 ರೂಪಾಯಿ ಉಳಿತಾಯ, ಮೂವರ ಒಂದು ಹೊತ್ತಿನ ಊಟ. ಹಾಗಾಗಿ ಯಾರಾದರೂ 2,000ದ ರೂಮಿಗೆ ಇನ್ನೂ 12 ಹಾಕಿದರೆ, ಯಾಕಪ್ಪ ಅಂತ ಕೇಳಿ. ವರ್ಷಕ್ಕೆ 20 ಲಕ್ಷ ವಹಿವಾಟು ದಾಟದ ಸಣ್ಣ ವಸತಿಗೃಹಗಳು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. ನಂಬರಿಲ್ಲದ ಬಿಲ್ಲಿನಲ್ಲಿ ತೆರಿಗೆ ಹಾಕಿದರೆ ಅದು ಸರ್ಕಾರಕ್ಕಲ್ಲ, ಗಲ್ಲಾಕ್ಕೆ. ನನ್ನ 1,032 ಹೋದದ್ದು ಹಾಗೆ.

ಊಟದ ಬಿಲ್ಲಿನ ಕೆಳಗೆ ‘ಸರ್ವಿಸ್ ಚಾರ್ಜ್’ ಅಂತ ಇದ್ದರೆ ಅದು ತೆರಿಗೆಯಲ್ಲ. ಅದನ್ನು ಗಿರಾಕಿಯ ಮೇಲೆ ತಾನಾಗಿ ಹೇರಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ತಕರಾರು ಇದ್ದರೆ ಗ್ರಾಹಕ ಸಹಾಯವಾಣಿ 1915. ನಾನು 2022ರಲ್ಲಿ ಈ ನಂಬರು ಗೊತ್ತಿಲ್ಲದೆ ಬಾಯಿ ಮುಚ್ಚಿಕೊಂಡು ಬಂದೆ. ಗೊತ್ತಿದ್ದರೂ ಕೈಯಲ್ಲಿ ಇದ್ದದ್ದು ಕ್ಯಾಲೆಂಡರಿನ ಹಾಳೆ, ಅದರ ಮೇಲೆ ಯಾರ ಹೆಸರು ಅಂತ ದೂರು ಕೊಡೋದು?

ಇನ್ನೊಂದು ಹೊಸ ಮೋಸ ಬಂದಿದೆ. ಮೊಬೈಲಿನಲ್ಲಿ ಹೋಟೆಲಿನ ಹೆಸರು ಹುಡುಕಿದರೆ ಸಿಗುವ ಫೋನ್ ನಂಬರು ಆ ಹೋಟೆಲಿನದೇ ಆಗಿರಬೇಕಿಲ್ಲ. ಅಡ್ವಾನ್ಸ್ ಹಾಕಿ ಅಂತಾರೆ, ಹಾಕಿದ ಮೇಲೆ ಫೋನು ಎತ್ತೋದಿಲ್ಲ. 2025ರ ಏಪ್ರಿಲಿನಲ್ಲಿ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರವೇ ಇಂಥ ನಕಲಿ ಬುಕಿಂಗ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಗೋವಾದಲ್ಲಿ 1982ರ ಒಂದು ಕಾಯಿದೆ ಪ್ರಕಾರ ಹೋಟೆಲು, ವಸತಿಗೃಹಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಕೌಂಟರಿನ ಹಿಂದಿನ ಗೋಡೆಯ ಮೇಲೆ ಗಣಪತಿ ಪಟದ ಪಕ್ಕ ಆ ಪತ್ರ ಇದೆಯೇ ಅಂತ ಕಣ್ಣು ಹಾಯಿಸಿ.

ಅಂದ ಹಾಗೆ, ನಮ್ಮ ಕಡೆಯವರು ಕ್ರೂಸರ್ ಗಾಡಿ ಮಾಡಿಕೊಂಡು, ಗ್ಯಾಸ್ ಒಲೆ ಪಾತ್ರೆ ಸಮೇತ ಹೋಗಿ ರೂಮೇ ಮಾಡದೆ ದಂಡೆಯಲ್ಲಿ ಅಡಿಗೆ ಮಾಡಿ, ಗಾಡಿಯಲ್ಲೇ ಮಲಗಿ ಬರುವುದುಂಟು. ಬೈಯಲಾರೆ, ರೂಮಿನ ರೇಟು ಹಾಗಿದ್ದರೆ ಇನ್ನೇನು ಮಾಡುತ್ತಾರೆ? ಆದರೆ ಬಯಲಲ್ಲಿ ಅಡಿಗೆ, ಕುಡಿತಕ್ಕೆ ಗೋವಾ ಸರ್ಕಾರ 2019ರಲ್ಲಿ ಒಬ್ಬರಿಗೆ 2,000, ಗುಂಪಿಗೆ 10,000 ದಂಡ ಇಟ್ಟಿತು. 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ತಿದ್ದುಪಡಿಯಲ್ಲಿ ಅದು 5,000ದಿಂದ ಒಂದು ಲಕ್ಷದವರೆಗೆ ಏರಿತು. ಉಳಿಸಲು ಹೋಗಿ ಉಂಡೆ ಕಳೆದುಕೊಳ್ಳುವ ಕೆಲಸ. ರೊಟ್ಟಿ ಒಯ್ಯಿರಿ, ಒಲೆ ಬಿಟ್ಟು ಹೋಗಿ.

ಸಮುದ್ರ

ಮೀರಾಮಾರಿಗೆ ಈ ಸಲ ಮೂರು ದಿನವೂ ಹೋದೆವು, ಬಿಸಿಲು ಇಳಿದ ಮೇಲೆ. ಮಂಗಳವಾರದ ಸಂಜೆ, ಜನ ಕಡಿಮೆ. ಅವ್ವ ಸೀರೆ ಸ್ವಲ್ಪ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಳು. ಅಲೆ ಬಂದು ಹೋದಾಗ ಕಾಲ ಕೆಳಗಿನ ಮರಳು ಜಾರಿತು. ಮನೆಯಾಕೆಯ ತೋಳು ಹಿಡಿದುಕೊಂಡಳು, ನಕ್ಕಳು.

“ಇಷ್ಟ ನೀರು ಐತಿ, ಒಂದ್ ಕೊಡ ಕುಡಿಯಾಕ ಬರಂಗಿಲ್ಲಲ್ಲೋ” ಅಂದಳು. ಕುಡಿಯುವ ನೀರಿಗೆ ಬೇಸಗೆಯಲ್ಲಿ ಮೈಲಿ ನಡೆದ ಹೆಂಗಸು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪ ಇದ್ದಿದ್ರ ಈಸಾಡತಿದ್ದ” ಅಂದಳು. ಅಪ್ಪನಿಗೆ ಈಜು ಬರುತ್ತಿತ್ತೆಂದು ನನಗೆ ಅವತ್ತೇ ಗೊತ್ತಾಗಿದ್ದು.

ದೋನಾ ಪಾವುಲಾಗೆ ಹೋದಾಗ ಅಲ್ಲಿಯ ಗೈಡು ‘ಏಕ್ ದೂಜೇ ಕೇ ಲಿಯೇ’ ಚಿತ್ರದ ಹೆಸರು ಹೇಳಿ ಬಂಡೆಗಳನ್ನು ತೋರಿಸಿದ. 1981ರ ಚಿತ್ರ, ಇವತ್ತಿಗೂ ಅದರ ಹೆಸರಿನಲ್ಲಿ ಟೊಪ್ಪಿಗೆ, ಕನ್ನಡಕ ಮಾರುತ್ತಾರೆ. ಅವ್ವ ಕೇಳಿದಳು, “ರಾಜಕುಮಾರ ಎಲ್ಲಿ ನಿಂತಿದ್ದ ಕೇಳೋ.” ಕೇಳಿದೆ. ಅವನಿಗೆ ಯಾವ ರಾಜಕುಮಾರ ಅಂತಲೇ ತಿಳಿಯಲಿಲ್ಲ. ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, “ಇವಗ ಏನ್ ಗೊತ್ತೈತಿ” ಅಂದು ಶೇಂಗಾ ಸುಲಿಯತೊಡಗಿದಳು.

ನಾಲ್ಕನೇ ದಿನ ಹನ್ನೊಂದೂವರೆಗೇ ರೂಮು ಬಿಟ್ಟೆವು. ಡಿಪಾಜಿಟ್ 500 ಎಣಿಸಿ ಕೊಟ್ಟರು. ಅವ್ವ ಬಿಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ಎಲೆ ಅಡಿಕೆ ಸಂಚಿಯಲ್ಲಿ ಇಟ್ಟುಕೊಂಡಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಊರಿನಿಂದ ಬರುವಾಗಲೇ ಅವಳು ಬೇರೆ ಗಂಟೊಂದು ಕಟ್ಟಿ ತಂದಿದ್ದಳು: ಹತ್ತು ಕಟಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಎರಡು ಉಂಡಿ. ಮೊದಲ ಸಲದ ಆ ಹೋಟೆಲಿಗೆ ಹೋಗೋಣ ಅಂದಳು.

ಕೌಂಟರಿನಲ್ಲಿ ಬೇರೆ ಮುಖ. ಗಜೇಂದ್ರಗಡದ ಕಡೆಯ ಹುಡುಗ ಅಂದೆ, ಗುರುತು ಹೇಳಿದೆ. ಅವನು ಕೆಲಸ ಬಿಟ್ಟು ಆರು ತಿಂಗಳಾಯಿತಂತೆ. ಊರಿಗೋ, ಬೇರೆ ಹೋಟೆಲಿಗೋ ಯಾರಿಗೂ ತಿಳಿಯದು. ಅವನ ಜಾಗದಲ್ಲಿ ಬಿಹಾರದ ಒಬ್ಬ ಹುಡುಗ ಒಗೆದ ಹಾಸಿಗೆಗಳ ರಾಶಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಅವ್ವ ಅವನನ್ನೇ ಕರೆದು ಗಂಟು ಕೊಟ್ಟಳು. ಅವನಿಗೆ ಕನ್ನಡ ಬರೋದಿಲ್ಲ, ಇವಳಿಗೆ ಹಿಂದಿ ಬರೋದಿಲ್ಲ. ಗಂಟು ಮೂಸಿ ನೋಡಿದ, ಹಾಸಿಗೆಗಳ ಮೇಲೆ ಇಟ್ಟುಕೊಂಡು ಮೂರನೇ ಮಾಳಿಗೆಗೆ ಹೋದ.